ಕಾಫಿಯ ಮಲೆಯಲ್ಲಿ ಒಂದು ದೊಡ್ಡಮನೆಯ ಪಟ

ಚಿಕ್ಕಮಗಳೂರಿನಿಂದ ಮೂಡಿಗೆರೆಗೂ ಅಲ್ಲಿಂದ ಕಳಸಕ್ಕೂ ಪ್ರಯಾಣ ಮಾಡಿದವರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರಬೇಕು. ಆ ಸೀಮೆಯಲ್ಲಿ ಮನೆಗಳಿಗೆ ಕೊರತೆಯಿಲ್ಲ. ಆದರೆ ಮನೆಗಳು ಕಾಣುವುದಿಲ್ಲ. ಬಯಲುಸೀಮೆಯಲ್ಲಿ ಗೋಡೆಗೆ ಗೋಡೆ ತಾಗಿ ಕೇರಿಯಾಗಿ, ಕೇರಿಗೆ ಕೇರಿ ಕೂಡಿ ಊರಾಗುತ್ತದೆ. ಮಲೆನಾಡಿನಲ್ಲಿಯಾದರೋ ಒಂದೊಂದು ಕಣಿವೆಗೆ ಒಂದೊಂದು ಮನೆ. ದಾರಿಹೋಕರಿಗೆ ಕಾಣುವುದು ಒಂದು ಗೇಟು, ತೋಟದ ಹೆಸರು ಬರೆದ ಒಂದು ಹಲಗೆ, ಸಿಲ್ವರ್ ಓಕ್ ಮರಗಳ ಒಂದು ಸಾಲು, ಅಷ್ಟೆ. ಮನೆ ಅಲ್ಲಿಂದ ಒಂದು ಮೈಲಿಯೋ ಎರಡು ಮೈಲಿಯೋ ಒಳಗೆ, ಹಿಂದೆ ಗುಡ್ಡವನ್ನು ಒರಗಿಕೊಂಡು, ಮುಂದೆ ಗದ್ದೆಯ ಬಯಲನ್ನು ಹಾಸಿಕೊಂಡು ಕುಳಿತಿರುತ್ತದೆ. ಇಂತಹ ಮನೆಯನ್ನು ಅದರ ಮಲೆಯೊಡನೆ ಸೇರಿಸಿ ಪಟವಾಗಿ ಹಿಡಿಯುವುದು ಹೇಗೆಂಬುದೇ ಈ ಲೇಖನದ ವಿಷಯ. ಇದು ಕೇವಲ ಯಂತ್ರದ ಕೆಲಸವಲ್ಲವೆಂದು ನಮಗೆ ತಿಳಿದದ್ದು, ಕೆಡವುವುದೆಂದು ನಿಶ್ಚಯವಾಗಿದ್ದ ಒಂದು ಮನೆಯನ್ನು ಪಟ ತೆಗೆಯಲು ಹೋದಾಗ.

ಮೊದಲು ಈ ನಾಡಿನ ಮಾತು. 1947ರವರೆಗೆ ಕಡೂರು ಜಿಲ್ಲೆಯೆನಿಸಿಕೊಂಡಿದ್ದ ಚಿಕ್ಕಮಗಳೂರು ಜಿಲ್ಲೆಯ ನೆತ್ತಿಯ ಮೇಲೆ ಬಾಬಾಬುಡನ್ ಗಿರಿಶ್ರೇಣಿ ನಿಂತಿದೆ. ಸುಮಾರು 1,930 ಮೀಟರು ಎತ್ತರದ ಮುಳ್ಳಯ್ಯನಗಿರಿಗಿಂತ ಎತ್ತರವಾದ ಬೆಟ್ಟ ನಮ್ಮ ರಾಜ್ಯದಲ್ಲಿ ಬೇರೆಯಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಅರಬ್ಬೀ ದೇಶದಿಂದ ಏಳು ಕಾಫಿಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಅಲ್ಲಿಯ ಮಕ್ಕಳೂ ಬಲ್ಲರು. ಬಹುಕಾಲ ಅದು ಹಿತ್ತಿಲ ಗಿಡವಾಗಿಯೇ ಇದ್ದಿತು. 1830ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷಿನವನು ಗಿರಿಯ ದಕ್ಷಿಣದ ಎತ್ತರದಲ್ಲಿ ತೋಟವನ್ನೆಬ್ಬಿಸಿದನು. 1843ರಲ್ಲಿ ಗ್ರೀನ್ ಎಂಬುವನು ಮಂಜರಾಬಾದಿನ ಐಗೂರಿನ ಬಳಿ ಇನ್ನೊಂದನ್ನು ಮಾಡಿದನು. ಅನಂತರ ಬಂದ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ತೋಟಗಾರನ ಬದುಕನ್ನು ಕುರಿತು 1871ರಲ್ಲಿ ಒಂದು ಗ್ರಂಥವನ್ನೂ 1894ರಲ್ಲಿ ಮತ್ತೊಂದನ್ನೂ ಬರೆದನು. ಕಾಂಡಕೊರಕ ಹುಳು, ಎಲೆಯ ತುಕ್ಕುರೋಗ ಇವು ಬಂದು ತೋಟಗಳನ್ನು ಹಾಳುಮಾಡಿದುದೂ ಉಂಟು. ಅವುಗಳಿಗೆ ಮದ್ದು ಹುಡುಕುವುದಕ್ಕೆಂದೇ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆಯ ಕೇಂದ್ರ ಸ್ಥಾಪಿತವಾಯಿತು.

ಈ ಚರಿತ್ರೆಯ ಫಲವಾಗಿ ಆ ಮಲೆಗಳಲ್ಲಿ ಎರಡು ಬಗೆಯ ದೊಡ್ಡಮನೆಗಳು ಬೆಳೆದುವು. ಒಂದು, ದೊರೆಗಳು ಕಟ್ಟಿಸಿಕೊಂಡ ಬಂಗಲೆ. ಇದು ಗುಡ್ಡದ ನೆತ್ತಿಯನ್ನು ಹುಡುಕಿಕೊಂಡು ನಿಲ್ಲುತ್ತದೆ. ಸುತ್ತಲೂ ಅಗಲವಾದ ವರಾಂಡ, ಮುಂದೆ ಹುಲ್ಲಿನ ಹಾಸು. ಅಲ್ಲಿ ಕುಳಿತ ಮನುಷ್ಯ ತನ್ನ ತೋಟವನ್ನೆಲ್ಲ ಕೆಳಗೆ ನೋಡಬೇಕು. ಇನ್ನೊಂದು, ನಮ್ಮವರ ತೊಟ್ಟಿಮನೆ. ಇದು ಗುಡ್ಡದ ಬುಡವನ್ನು, ನೀರಿನ ಸೆಲೆಯನ್ನು ಹುಡುಕಿಕೊಂಡು ಕೂರುತ್ತದೆ. ಹೊರಗೆ ಜಗುಲಿ, ಒಳಗೆ ನಾಲ್ಕೂ ಕಡೆ ಕಂಬದ ಸಾಲು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಮೇಲೆ ಹಲಗೆಯ ಮುಚ್ಚಿಗೆ. ಬಂಗಲೆ ಹೊರಗೆ ನೋಡುವ ಮನೆ. ತೊಟ್ಟಿಮನೆ ಒಳಗೆ ನೋಡುವ ಮನೆ. ಎರಡಕ್ಕೂ ಸಮಾನವಾದದ್ದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಕೆಂಪು ಹೆಂಚು ಘಟ್ಟವನ್ನು ಹತ್ತಿಬಂದಿತು. ಹಸುರಿನ ನಡುವೆ ಒಂದು ಹಿಡಿ ಕೆಂಪು ಕಂಡರೆ ಅಲ್ಲಿ ಮನೆಯುಂಟೆಂದು ದೂರದಿಂದಲೇ ತಿಳಿಯುವುದು ಅದರಿಂದಲೇ.

ಈ ಸೀಮೆಗೆ ಪಟದ ವಿದ್ಯೆ ಹೊಸದಲ್ಲ. 1854ರ ಡಿಸೆಂಬರಿನಲ್ಲಿಯೇ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಡಾಕ್ಟರ್ ನೀಲ್ ಎಂಬುವರೊಡನೆ ಕೂಡಿ ನೆರೆಯ ಬೇಲೂರು ಹಳೆಯಬೀಡುಗಳಿಗೆ ಬಂದು ದೇವಾಲಯಗಳನ್ನು ಕಾಗದದ ಮೇಲೆ ಬಿಂಬವಾಗಿ ಹಿಡಿದನು. ಗಾಜಿನ ಫಲಕದ ಕಾಲ ಬಂದಾಗಲೂ ಕಷ್ಟ ಕಡಮೆಯಾಗಲಿಲ್ಲ. ಫಲಕಕ್ಕೆ ಮದ್ದನ್ನು ಬಳಿದು, ಅದು ಒದ್ದೆಯಾಗಿರುವಾಗಲೇ ಬೆಳಕಿಗೊಡ್ಡಿ, ಒಣಗುವ ಮುನ್ನವೇ ಕತ್ತಲೆಯ ಡೇರೆಯಲ್ಲಿ ತೊಳೆದುಕೊಳ್ಳಬೇಕಾಗಿದ್ದಿತು. ಇಂದು ಕೈಯಲ್ಲಿ ಹಿಡಿದ ದೂರವಾಣಿಯೇ ಕ್ಷಣಮಾತ್ರದಲ್ಲಿ ಪಟ ತೆಗೆಯುತ್ತದೆ. ಆದರೆ ಆ ಹಳೆಯ ಕಷ್ಟದಲ್ಲಿ ಒಂದು ಪ್ರಯೋಜನವಿದ್ದಿತು. ಒಂದು ಫಲಕಕ್ಕೆ ಅಷ್ಟು ಶ್ರಮಪಡುವವನು ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಅರ್ಧದಿನ ಯೋಚಿಸುತ್ತಿದ್ದನು.

ನಾವು ಹೊರಟದ್ದು ಡಿಸೆಂಬರಿನ ನಡುವೆ, ಹಣ್ಣು ಕೊಯ್ಯುವ ಕಾಲದಲ್ಲಿ. ಆಲ್ದೂರನ್ನು ದಾಟಿ ಮೂಡಿಗೆರೆಗೆ ಬಂದೆವು. ಈ ಊರಿನ ಹೆಸರೆತ್ತಿದರೆ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆಯದ ಕನ್ನಡಿಗರಿಲ್ಲ. ಅವರು ಇಲ್ಲಿಯೇ ತೋಟಮಾಡಿಕೊಂಡು, 'ನಿರುತ್ತರ'ವೆಂಬ ತಮ್ಮ ಮನೆಯಲ್ಲಿ 2007ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೆ ಬಾಳಿದರು. ಬರೆಯುವಷ್ಟೇ ಶ್ರದ್ಧೆಯಿಂದ ಹಕ್ಕಿಗಳ ಪಟವನ್ನು ತೆಗೆದರು. ಒಂದು ಹಕ್ಕಿ ಬಂದು ಕೂರುವವರೆಗೆ ಗಂಟೆಗಟ್ಟಲೆ ಅಲುಗದೆ ಕಾದಿರುವುದು ಆ ಕೆಲಸದ ಮೊದಲ ನಿಯಮ. ಮನೆ ಹಾರಿಹೋಗುವುದಿಲ್ಲವಾದುದರಿಂದ ಅದರ ಪಟಕ್ಕೆ ಕಾಯಬೇಕಾದುದಿಲ್ಲವೆಂದು ಜನ ತಿಳಿಯುತ್ತಾರೆ. ಮನೆ ಹಾರದಿದ್ದರೂ ಬೆಳಕು ಹಾರುತ್ತದೆ, ಮಂಜು ಹಾರುತ್ತದೆ. ಕಡೆಗೆ ಮನೆಯೂ ಹಾರಿಹೋಗುತ್ತದೆ.

ಕೊಟ್ಟಿಗೆಹಾರದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಚಾರ್ಮಾಡಿಯ ಘಾಟಿಯನ್ನಿಳಿದು ಕಡಲ ಕಡೆಗೆ ಹೋದರೆ, ಇನ್ನೊಂದು ಬಾಳೂರಿನ ಮೇಲೆ ಕಳಸದ ಕಡೆಗೆ ಹೋಗುತ್ತದೆ. ಇಲ್ಲಿಂದ ಮುಂದೆ ನೆಲವೇ ಬೇರೆ. ಹೇಮಾವತಿ ಹುಟ್ಟುವುದು ಈ ಜಾವಳಿಯ ಸೀಮೆಯಲ್ಲಿ. ಬಲ್ಲಾಳರಾಯನ ದುರ್ಗ ಮೇಲಿನಿಂದ ನೋಡುತ್ತಿರುತ್ತದೆ. ಪಡುವಣಕ್ಕೆ ಕುದುರೆಮುಖದ ಶ್ರೇಣಿ ಸುಮಾರು 1,890 ಮೀಟರಿನವರೆಗೆ ಎದ್ದು ಗೋಡೆಯಂತೆ ನಿಂತಿದೆ. ಆ ಶ್ರೇಣಿಯ ಮಗ್ಗುಲಲ್ಲಿ, ಭದ್ರೆಯ ದಡದಲ್ಲಿ, ಕಳಸೇಶ್ವರನ ಊರು ಕಳಸ. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಭೈರರಸರ ವಂಶಕ್ಕೆ ಘಟ್ಟದ ಮೇಲಿನ ನೆಲೆ ಇದೇ ಆಗಿದ್ದಿತು.

ನಾವು ಹುಡುಕಿಕೊಂಡು ಹೋದ ಮನೆ ಈ ದಾರಿಯ ಒಂದು ಮಡಿಕೆಯಲ್ಲಿದ್ದಿತು. ಮನೆಯವರ ಹೆಸರನ್ನು ಹೇಳುವುದು ಉಚಿತವಲ್ಲ. ನೂರು ವರ್ಷ ಮೀರಿದ ತೊಟ್ಟಿಮನೆ, ಇಪ್ಪತ್ತನಾಲ್ಕು ಕಂಬ, ಒಂದು ಕಾಲಕ್ಕೆ ಊಟಕ್ಕೆ ನಲವತ್ತು ಎಲೆ ಬೀಳುತ್ತಿದ್ದ ಸಂಸಾರ. ಮೂವರು ಅಣ್ಣತಮ್ಮಂದಿರಲ್ಲಿ ಪಾಲಾಗಿದ್ದಿತು. ತೋಟವನ್ನು ಮೂರು ಮಾಡಬಹುದು, ಗದ್ದೆಯನ್ನು ಮೂರು ಮಾಡಬಹುದು. ತೊಟ್ಟಿಯನ್ನು ಮೂರು ಮಾಡುವುದು ಹೇಗೆ? ಮಳೆಗಾಲಕ್ಕೆ ಹೆಂಚು ಸರಿಪಡಿಸುವ ಖರ್ಚನ್ನು ಹೊರುವವರು ಯಾರೆಂಬುದೂ ತೀರ್ಮಾನವಾಗಲಿಲ್ಲ. ಕಡೆಗೆ ಮನೆಯನ್ನು ಬಿಚ್ಚಿ ಮರವನ್ನು ಮಾರುವುದೆಂದೂ ಅದಕ್ಕೆ ಮುಂಚೆ ಮೂವರಿಗೂ ಒಂದೊಂದು ಪಟ ಆಗಬೇಕೆಂದೂ ಗೊತ್ತಾಯಿತು. ಹಳೆಯ ಕಂಬಗಳಿಗೆ ಈಗ ಪಟ್ಟಣದ ಹೋಟಲುಗಳಲ್ಲಿ ಒಳ್ಳೆಯ ಬೆಲೆಯಿದೆ.

ಯಜಮಾನರು ಹಿರಿಯರು, ಮಿತಭಾಷಿಗಳು. "ಎದುರಿನಿಂದ ಒಂದು ತೆಗೆಯಿರಿ. ಬಾಗಿಲ ಕೆತ್ತನೆ ಚೆನ್ನಾಗಿ ಬರಲಿ, ನಮ್ಮ ತಾತನವರು ಮಾಡಿಸಿದ್ದು" ಎಂದರು. ಎದುರಿನಿಂದ ತೆಗೆದೆವು. ಇಲ್ಲಿ ಒಂದು ಉಪಯುಕ್ತವಾದ ಮಾತನ್ನು ಹೇಳಬಹುದು. ಅಂಗಳದಲ್ಲಿ ನಿಂತು ಯಂತ್ರವನ್ನು ಮೇಲಕ್ಕೆತ್ತಿ ಹಿಡಿದರೆ ಮನೆಯೇನೋ ಪೂರ್ತಿ ಸೇರುತ್ತದೆ. ಆದರೆ ಕಂಬಗಳೆಲ್ಲ ಒಳಕ್ಕೆ ಬಾಗಿ, ಮನೆ ಹಿಂದಕ್ಕೆ ಬೀಳುವಂತೆ ತೋರುತ್ತದೆ. ಯಂತ್ರವನ್ನು ನೆಲಕ್ಕೆ ಸಮವಾಗಿ ಹಿಡಿದರೆ ಮಾತ್ರ ಕಂಬ ನೆಟ್ಟಗೆ ನಿಲ್ಲುವುದು. ಅದಕ್ಕಾಗಿ ಹಿಂದಕ್ಕೆ ಸರಿಯಬೇಕು, ಸಾಧ್ಯವಾದರೆ ದಿಬ್ಬವನ್ನೋ ಕಟ್ಟೆಯನ್ನೋ ಹತ್ತಬೇಕು. ನಾವು ಕಣದ ಅಂಚಿನ ಕಲ್ಲುಕಟ್ಟೆಯನ್ನು ಹತ್ತಿದೆವು. ಇನ್ನೊಂದು ಮಾತು: ನಡುಹಗಲಿನಲ್ಲಿ ಸೂರು ಜಗುಲಿಯ ಮೇಲೆ ಕಪ್ಪುನೆರಳನ್ನು ಚೆಲ್ಲಿ ಬಾಗಿಲನ್ನೇ ನುಂಗಿಬಿಡುತ್ತದೆ. ಆ ಮನೆ ಮೂಡಣ ಮುಖದ್ದು. ಡಿಸೆಂಬರಿನ ಸೂರ್ಯ ತೆಂಕಣಕ್ಕೆ ಸರಿದು ಹುಟ್ಟುವುದರಿಂದ ಬೆಳಗಿನ ಬಿಸಿಲು ಜಗುಲಿಯ ಮೇಲೆ ಓರೆಯಾಗಿ ಹರಿದು ಕೆತ್ತನೆಯ ಒಂದೊಂದು ಎಸಳನ್ನೂ ಎತ್ತಿ ತೋರಿಸಿತು. ಯಜಮಾನರಿಗೆ ಸಂತೋಷವಾಯಿತು.

ಒಳಗಿನಿಂದ ಅವರ ಅತ್ತಿಗೆ ಬಂದರು. ವಯಸ್ಸು ಎಂಬತ್ತನ್ನು ದಾಟಿದ್ದಿತು; ಮನೆಮಂದಿಗೆಲ್ಲ ಅವರು ದೊಡ್ಡಮ್ಮ. ಪಟವನ್ನು ಯಂತ್ರದ ಹಿಂಬದಿಯಲ್ಲಿಯೇ ನೋಡಿ, "ಚೆನ್ನಾಗಿದೆಯಪ್ಪ. ಆದರೆ ಇದು ನೆಂಟರು ನೋಡುವ ಮನೆ. ನಾನು ಈ ಮನೆಗೆ ಬಂದು ಅರವತ್ತು ವರ್ಷ ಕಂಡದ್ದು ಹಿಂದಿನ ಬಾಗಿಲನ್ನು" ಎಂದರು. ಯಜಮಾನರು ಮಾತನಾಡಲಿಲ್ಲ. ನಾವು ದೊಡ್ಡಮ್ಮನವರ ಹಿಂದೆ ಹೋದೆವು.

ಹಿಂದೆ ಇದ್ದುದು ಬೇರೆಯೇ ಒಂದು ಮನೆ. ಗುಡ್ಡದ ಮೇಲಿನ ಸೆಲೆಯಿಂದ ಅಡಿಕೆಯ ದಬ್ಬೆಯಲ್ಲಿ ಹರಿದುಬರುತ್ತಿದ್ದ ನೀರು ಈಗ ಕೊಳವೆಯಲ್ಲಿ ಬಂದು ಅದೇ ಕಲ್ಲುಬಾನಿಗೆ ಬೀಳುತ್ತಿದ್ದಿತು. ಬಚ್ಚಲಿನ ಹಂಡೆ, ಸೌದೆಯ ಕೊಟ್ಟಿಗೆ, ಒನಕೆಯ ಪೆಟ್ಟಿಗೆ ಕುಳಿಬಿದ್ದ ಒರಳು, ಮಳೆಗಾಲಕ್ಕೆ ಕಟ್ಟುವ ಸೋಗೆಯ ತಟ್ಟಿ, ಕೆಸುವಿನ ಪಾತಿ. ಬಾಗಿಲ ಹೊಸ್ತಿಲು ನಡುವೆ ತಗ್ಗಾಗಿ ಸವೆದಿದ್ದಿತು. ಮುಂಬಾಗಿಲ ಹೊಸ್ತಿಲು ಅಷ್ಟು ಸವೆದಿರಲಿಲ್ಲ. ದೊಡ್ಡಮ್ಮನವರು ನಿಲ್ಲಲೊಲ್ಲೆನೆಂದರು, ಹೊಸ್ತಿಲಿನ ಪಟವೊಂದೇ ಸಾಕೆಂದರು. ಆ ಸವೆತದ ಮೇಲೆ ಬಾನಿಯ ನೀರಿನ ಬೆಳಕು ಅಲುಗುತ್ತಿದ್ದಾಗ ತೆಗೆದ ಪಟದಲ್ಲಿ ಮನುಷ್ಯರು ಯಾರೂ ಇಲ್ಲ, ಆದರೂ ನೋಡಿದವರೆಲ್ಲ ಮೊದಲು ಕೇಳುವುದು, "ಈಗ ತಾನೇ ಒಳಕ್ಕೆ ಹೋದವರು ಯಾರು?" ಎಂದು.

ಇಷ್ಟಾದರೂ ನಮ್ಮ ಕೆಲಸ ಮುಗಿದಿರಲಿಲ್ಲ. ಎದುರಿನ ಪಟದಲ್ಲಿ ಮನೆ ದೊಡ್ಡದಾಗಿತ್ತು, ಮಲೆ ಸಣ್ಣದಾಗಿತ್ತು. ಹತ್ತಿರ ನಿಂತು ಅಗಲವಾದ ಮಸೂರದಿಂದ ತೆಗೆದರೆ ಹೀಗೆಯೇ ಆಗುವುದು: ಮನೆ ಹಿಗ್ಗುತ್ತದೆ, ಹಿಂದಿನ ಬೆಟ್ಟ ಕುಗ್ಗುತ್ತದೆ. ಬೆಟ್ಟಕ್ಕೆ ಅದರ ನಿಜವಾದ ಪ್ರಮಾಣ ಬರಬೇಕಾದರೆ ದೂರ ಹೋಗಿ ನೀಳವಾದ ಮಸೂರದಿಂದ ನೋಡಬೇಕು. ಈಚೆಗೆ ಹಾರುವ ಯಂತ್ರವನ್ನು ಮೇಲಕ್ಕೆ ಕಳುಹಿಸಿ ಪಟ ತೆಗೆಯುವ ರೂಢಿಯೂ ಬಂದಿದೆ. ಆದರೆ ನೆತ್ತಿಯ ಮೇಲಿನಿಂದ ನೋಡಿದರೆ ಮನೆಗೆ ಮುಖವಿಲ್ಲ, ಹೆಂಚು ಮಾತ್ರ. ಮನುಷ್ಯನು ನಡೆದು ಮುಟ್ಟಬಲ್ಲ ಎಡೆಯಿಂದ ನೋಡುವುದೇ ಮನೆಗೆ ಸಲ್ಲುವ ಮರ್ಯಾದೆಯೆಂದು ನಮಗೆ ತೋರುತ್ತದೆ.

ಎದುರು ಗುಡ್ಡಕ್ಕೆ ದಾರಿ ತೋರಿಸಿದವರು ತೋಟದ ಹಳೆಯ ಆಳು. ಅವರ ಹಿರಿಯರು ಘಟ್ಟದ ಕೆಳಗಿನಿಂದ ಕೆಲಸಕ್ಕೆಂದು ಬಂದವರು. ಬೆಳಗಿನ ಆರು ಗಂಟೆಗೆ ಗದ್ದೆಯನ್ನು ದಾಟಿ, ಕಾಫಿಗಿಡಗಳ ನಡುವೆ ಇಬ್ಬನಿಯಲ್ಲಿ ನೆನೆಯುತ್ತ ಮೇಲೇರಿದೆವು. ತುದಿಯನ್ನು ಮುಟ್ಟಿದಾಗ ಕಣಿವೆಯಲ್ಲಿ ಏನೂ ಇರಲಿಲ್ಲ. ಹಾಲು ತುಂಬಿದ ಬೋಗುಣಿಯಂತೆ ಮಂಜು. ಕಾದೆವು. ಎಂಟು ಗಂಟೆಯ ಹೊತ್ತಿಗೆ ಮಂಜಿನಲ್ಲಿ ಒಂದು ಕಡೆ ಹೊಗೆ ಕಂಡಿತು. "ದೊಡ್ಡಮ್ಮ ಹಂಡೆಗೆ ಉರಿ ಹಾಕಿದರು" ಎಂದರು ಆಳು. ಹೊಗೆಯ ಕೆಳಗೆ ಕೆಂಪು ಹೆಂಚು ಮೂಡಿತು; ಸುಣ್ಣದ ಗೋಡೆ ಮೂಡಿತು; ಕಣ, ಕೊಟ್ಟಿಗೆ, ಅಡಿಕೆಯ ಸಾಲು ಒಂದೊಂದಾಗಿ ಬಂದುವು. ಮನೆಯ ಎಡಕ್ಕೆ, ತೋಟದ ಅಂಚಿನಲ್ಲಿ, ಒಂದೇ ಉದ್ದದ ಒಂದು ಸೂರೂ ಕಂಡಿತು. ಅದು ಆಳುಗಳ ಲೈನು. ಅಂಗಳದಿಂದ ತೆಗೆದ ಯಾವ ಪಟದಲ್ಲಿಯೂ ಅದು ಬಂದಿರಲಿಲ್ಲ. ಅಂಗಳದಿಂದ ಅದು ಕಾಣದಂತೆಯೇ ಮನೆಯನ್ನು ಕಟ್ಟಿದ್ದರು.

ಪಟದ ಚೌಕಟ್ಟನ್ನು ಮನೆಗೆ ಬಿಗಿಯಾಗಿ ಹೊಂದಿಸಿದರೆ ಅಂದವಾಗುತ್ತಿದ್ದಿತು, ಲೈನು ಹೊರಗುಳಿಯುತ್ತಿದ್ದಿತು. ನಾವು ಹೊಂದಿಸುತ್ತಿದ್ದುದನ್ನು ನೋಡಿ ಅವರು ಮೆಲ್ಲಗೆ, "ಸ್ವಾಮಿ, ಆ ಮನೆಯ ಅಡಿಗಲ್ಲನ್ನು ಹೊಳೆಯಿಂದ ಹೊತ್ತವರು ನಮ್ಮ ಅಜ್ಜನ ಕಾಲದವರು. ನಮ್ಮ ಸೂರೂ ಒಂದಿಷ್ಟು ಬೀಳುತ್ತದೆಯೇ?" ಎಂದು ಕೇಳಿದರು. ಬೀಳುವಂತೆ ಮಾಡಿದೆವು. ಚೌಕಟ್ಟು ಅಗಲವಾದಷ್ಟೂ ಪಟ ನಿಜವಾಗುತ್ತ ಹೋಯಿತು: ಮೇಲೆ ಶೋಲೆಯ ಕಾಡು, ಅದರ ಕೆಳಗೆ ಮರಗಳ ನೆರಳಿನಲ್ಲಿ ಕಾಫಿ, ಅದರ ಕೆಳಗೆ ಮನೆ ಮತ್ತು ಲೈನು, ಅದಕ್ಕೂ ಕೆಳಗೆ ಕೊಯ್ಲಾದ ಗದ್ದೆ, ಎಲ್ಲಕ್ಕಿಂತ ಕೆಳಗೆ ಹಳ್ಳ. ನೀರು ಇಳಿಯುವ ದಾರಿಯನ್ನೇ ಹಿಡಿದು ಬದುಕೂ ಇಳಿದುಬಂದಿದ್ದಿತು. ಮನೆ ಅಲ್ಲಿಯೇ ಏಕಿದೆಯೆಂಬುದು ಮನೆಯ ಪಟದಿಂದ ತಿಳಿಯುವುದಿಲ್ಲ, ಮಲೆಯ ಪಟದಿಂದ ತಿಳಿಯುತ್ತದೆ.

ಇಲ್ಲಿ ಬೆಳಕಿನ ಅಳತೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಯಂತ್ರವು ತಾನು ಕಂಡದ್ದನ್ನೆಲ್ಲ ನಡುಬಣ್ಣವೆಂದು ಎಣಿಸುತ್ತದೆ. ಚೌಕಟ್ಟಿನ ತುಂಬ ಕಪ್ಪುಹಸುರಿನ ಕಾಡಿರುವಾಗ ಅದನ್ನು ತಿಳಿಯಾಗಿಸಲು ಹೋಗಿ, ಸಣ್ಣದಾದ ಸುಣ್ಣದ ಗೋಡೆಯನ್ನು ಬರಿಯ ಬಿಳುಪು ಮಾಡಿ ಅಳಿಸಿಹಾಕುತ್ತದೆ. ಆದುದರಿಂದ ಗೋಡೆಗೆ ಅಳತೆ ಇಟ್ಟು, ಕಾಡು ಕಪ್ಪಾಗುವುದಾದರೆ ಆಗಲೆಂದು ಬಿಡಬೇಕು. ಕಾಡು ಕಪ್ಪಾಗಿದ್ದರೆ ಕಾಡೇ. ಗೋಡೆ ಅಳಿಸಿಹೋದರೆ ಮನೆಯೇ ಇಲ್ಲ. ಕಾಲದ ಆಯ್ಕೆಯೂ ಮುಖ್ಯ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂವಾದಾಗ ಮಲೆಯೆಲ್ಲ ಬೆಳ್ಳಗಾಗುತ್ತದೆ. ಆ ಸೊಗಸು ಎರಡು ಮೂರು ದಿನಕ್ಕೆ ಬಾಡುತ್ತದೆ. ಮಳೆಗಾಲದಲ್ಲಿ ಮನೆಯು ತಟ್ಟಿಯನ್ನು ಹೊದ್ದುಕೊಂಡು ಮುಖವನ್ನೇ ತೋರಿಸುವುದಿಲ್ಲ. ಮನೆಯ ಬದುಕೆಲ್ಲ ಅಂಗಳಕ್ಕೆ ಬರುವುದು ಕೊಯ್ಲಿನಲ್ಲಿ; ಕಣದಲ್ಲಿ ಹಣ್ಣು ಹರಡಿರುವಾಗ.

ಅನಂತರ ಯುಗಾದಿ ಕಳೆಯುತ್ತಲೇ ಮನೆಯನ್ನು ಬಿಚ್ಚಿದರು. ಮೂರು ಪಾಲಿನವರಿಗೂ ಮೂರು ಪಟಗಳಿದ್ದುವು. ಯಾವುದು ಬೇಕಾದರೂ ಆರಿಸಿಕೊಳ್ಳಬಹುದೆಂದು ಕೇಳಿದಾಗ, ಮೂವರೂ ಒಂದನ್ನೇ ಕೇಳಿದರು: ಎದುರು ಗುಡ್ಡದಿಂದ ತೆಗೆದದ್ದನ್ನು. ಯಜಮಾನರು ಅದನ್ನು ಬಹಳ ಹೊತ್ತು ನೋಡುತ್ತಿದ್ದು, "ನಾನು ಹುಟ್ಟಿದ ಮನೆಯನ್ನು ಎಪ್ಪತ್ತು ವರ್ಷಕ್ಕೆ ಈಗ ನೋಡಿದೆ" ಎಂದರಂತೆ. ನಾಲ್ಕನೆಯ ಪ್ರತಿಯೊಂದು ಲೈನಿನ ಗೋಡೆಯ ಮೇಲಿದೆ. ಹೊಸ್ತಿಲಿನ ಪಟವನ್ನು ದೊಡ್ಡಮ್ಮನವರು ತಾವೇ ಇಟ್ಟುಕೊಂಡರು.

ಪಟವು ಮನೆಯನ್ನು ಉಳಿಸುವುದಿಲ್ಲ. ಪಾಲು, ಸಾಲ, ಕಾಫಿಯ ಬೆಲೆಯ ಏರಿಳಿತ ಇವುಗಳ ಮುಂದೆ ಒಂದು ಕಾಗದದ ಚೂರಿನ ಬಲವೇನು? ಮಳೆಯ ಮುಂದಂತೂ ಕೇಳಬೇಕಾದುದೇ ಇಲ್ಲ. 2019ರ ಆಗಸ್ಟಿನಲ್ಲಿ ಇದೇ ಮೂಡಿಗೆರೆಯ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದೆಡೆ ಗುಡ್ಡವೇ ಜಾರಿಬಂದು ಮನೆ ತೋಟಗಳನ್ನು ಮಣ್ಣಿನಡಿಯಲ್ಲಿ ಹುದುಗಿಸಿತು. ಅಲ್ಲಿಯವರು ಉಟ್ಟ ಬಟ್ಟೆಯಲ್ಲಿ ಹೊರಟುಬಂದರು. ಅಂಗಳ ಎಲ್ಲಿದ್ದಿತು, ಬಾವಿ ಎಲ್ಲಿದ್ದಿತು ಎಂದು ಮಕ್ಕಳಿಗೆ ತೋರಿಸಬೇಕಾದರೆ ನೆಲದಲ್ಲಿ ಗುರುತಿಲ್ಲದಂತಹ ಕಡೆ ಪಟವೊಂದೇ ಗುರುತು.

ಆದುದರಿಂದ ನಮ್ಮ ವಾಚಕ ಸಂಸಾರಗಳಿಗೆ ಒಂದು ಸೂಚನೆಯನ್ನು ಮಾಡಬಯಸುತ್ತೇವೆ. ಮನೆ ದೊಡ್ಡದೇ ಆಗಬೇಕಾದುದಿಲ್ಲ; ಕಾಫಿಯ ಮಲೆಯಲ್ಲಿಯೇ ಇರಬೇಕಾದುದಿಲ್ಲ. ಹಬ್ಬಕ್ಕೆ ಎಲ್ಲರೂ ಕೂಡಿದಾಗ ಜಗುಲಿಯ ಮೇಲೆ ಸಾಲಾಗಿ ಕುಳಿತು ತೆಗೆಸಿಕೊಳ್ಳುವ ಪಟ ಹೇಗೂ ಇದ್ದೇ ಇರುತ್ತದೆ. ಅದರೊಡನೆ ಇನ್ನೂ ಎರಡು ಆಗಲಿ. ಮನೆಯಲ್ಲಿ ಹೆಚ್ಚು ದುಡಿದವರು ಯಾರೆಂದು ಕೇಳಿ, ಅವರು ತೋರಿಸಿದ ಎಡೆಯನ್ನು ಒಂದು ಪಟ ತೆಗೆಯಿರಿ. ಮತ್ತೊಂದಕ್ಕೆ ಎದುರಿನ ದಿಬ್ಬವನ್ನೋ ಕೆರೆಯ ಏರಿಯನ್ನೋ ಹತ್ತಿ, ಮನೆಯ ಸುತ್ತ ಯಾರು ಯಾರು ಇದ್ದಾರೆ, ನೀರು ಎಲ್ಲಿಂದ ಬರುತ್ತದೆ, ದಾರಿ ಎಲ್ಲಿಗೆ ಹೋಗುತ್ತದೆ ಎಂಬುದೆಲ್ಲ ಕಾಣುವಂತೆ ತೆಗೆಯಿರಿ. ಹಿಂಬದಿಯಲ್ಲಿ ಊರು, ತಿಂಗಳು, ವರ್ಷ ಇಷ್ಟನ್ನು ಮಸಿಯಲ್ಲಿ ಬರೆದಿಡಿ. ಮಂಜು ಕರಗುವವರೆಗೆ ಕಾಯುವ ತಾಳ್ಮೆಯೊಂದಿದ್ದರೆ ಉಳಿದುದೆಲ್ಲ ಸುಲಭ.